ನೆಲಕ್ಕೆ ಮೂರು ತಟ್ಟು

ಬಿದ್ದವರನ್ನು ನೋಡಬಾರದು. ಬಾಕ್ಸಿಂಗ್ ಕಲಿಯಲು ಬಂದವರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಇದು, ಗುದ್ದುವುದೆಲ್ಲ ಆಮೇಲೆ. ನಿನ್ನ ಏಟಿಗೆ ಎದುರಿನವನು ಬಿದ್ದನೋ, ಅಲ್ಲೇ ನಿಂತು ಎದೆ ಉಬ್ಬಿಸಬೇಡ. ತಿರುಗು, ದೂರದ ಮೂಲೆಗೆ ನಡೆ, ಹಗ್ಗ ಹಿಡಿದು ಹೊರಗೆ ನೋಡುತ್ತ ನಿಲ್ಲು. ರೆಫ್ರಿ ಎಣಿಸುತ್ತಾನೆ, ಎಣಿಸಿ ಕರೆದರೆ ಬಾ. ಮೂಲೆಗೆ ಹೋಗಬೇಕೆಂಬುದು ಆಟದ ನಿಯಮ. ಬೆನ್ನು ಹಾಕಿ ನಿಲ್ಲಬೇಕೆಂಬುದು ಮಾತ್ರ ನನ್ನದೇ ಸೇರ್ಪಡೆ. ಬಿದ್ದವನಿಗೆ ಏಳುವ ಹೊತ್ತಿನಲ್ಲಿ ತನ್ನ ಮುಖವನ್ನು ಯಾರೂ ನೋಡದಿದ್ದರೆ ಸಾಕು ಎಂದಿರುತ್ತದೆ. ನಾನು ಬಿದ್ದವನು, ನನಗೆ ಗೊತ್ತಿದೆ.

ನಮ್ಮದು ಕಾಸರಗೋಡು ಜಿಲ್ಲೆಯ ಪೈವಳಿಕೆ. ವಾರದ ದಿನಗಳಲ್ಲಿ ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ವಿದ್ಯಾನಗರ ತಲಪಿ ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತೇನೆ. ಹೋಗುವ ಮೊದಲು, ಬೆಳಿಗ್ಗೆ ಆರರಿಂದ ಏಳೂಕಾಲರವರೆಗೆ, ಊರಿನ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬಿನ ಹಾಲಿನಲ್ಲಿ ಬಾಕ್ಸಿಂಗ್ ಕಲಿಸುತ್ತೇನೆ. ಹಾಲು ಎಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ಒಂದು ಕೇರಂ ಬೋರ್ಡು, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ತೊಲೆಯಿಂದ ತೂಗುವ ಎರಡು ಗೋಣಿಚೀಲ, ಚೀಲದೊಳಗೆ ಹಳೇ ಬಟ್ಟೆ ಮತ್ತು ಉಮಿ. ರಿಂಗ್ ಇಲ್ಲ, ನಾಲ್ಕು ಬೆಂಚು ಇಟ್ಟು ಹಗ್ಗ ಸುತ್ತಿದರೆ ಅದೇ ರಿಂಗ್. ಕೈಗೆ ಸುತ್ತುವ ಪಟ್ಟಿಯೂ ಅಂಗಡಿಯದ್ದಲ್ಲ. ಹಳೇ ಮುಂಡನ್ನು, ಅಂದರೆ ಉಡುವ ಪಂಚೆಯನ್ನು, ಉದ್ದಕ್ಕೆ ಹರಿದು, ನಾಲ್ಕು ಸಲ ಒಗೆದು ಮೆತ್ತಗಾದ ಮೇಲೆ ಅದನ್ನೇ ಸುತ್ತುತ್ತೇನೆ. ನನಗೆ ಕಲಿಸಿದ ಮಾಸ್ಟ್ರು ಹಾಗೆಯೇ ಮಾಡುತ್ತಿದ್ದರು. ಅಂಗಡಿಯ ಪಟ್ಟಿ ರಬ್ಬರಿನ ಹಾಗೆ ಬಿಗಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ನನಗೇನು.

ಗುಮಾಸ್ತಿಕೆ ಸಿಕ್ಕಿದ್ದೂ ಬಾಕ್ಸಿಂಗಿನಿಂದಲೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ತೆಂಕಣದ ಒಂದು ಜಿಲ್ಲೆಯಲ್ಲಿ ನಡೆದ ರಾಜ್ಯ ಮಟ್ಟದ ಕೂಟದಲ್ಲಿ ಫೈನಲ್‌ವರೆಗೆ ಹೋಗಿದ್ದೆ. ಎದುರಿಗಿದ್ದವನ ಕೈ ನನ್ನದಕ್ಕಿಂತ ಒಂದು ಗೇಣು ಉದ್ದ. ಒಂದೊಂದು ಸುತ್ತಿನಲ್ಲಿ ಒಂದೊಂದು ಸಲ ನನ್ನನ್ನು ಬೀಳಿಸಿದ. ಮೂರು ಸಲವೂ ಎದ್ದೆ. ಸೋತರೂ ನಿಂತುಕೊಂಡೇ ಸೋತೆ. ಬೆಳ್ಳಿ ಪದಕ ಬಂತು, ಅದರ ಸರ್ಟಿಫಿಕೇಟಿನಿಂದ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಬಂತು, ಕೆಲಸದಿಂದ ಹೆಂಡತಿ ಬಂದಳು. ಮೂರು ಸಲ ಬಿದ್ದು ಮೂರು ಸಲ ಎದ್ದ ಈ ಕಥೆ ನಮ್ಮ ಮನೆಯಲ್ಲಿ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ನೆಂಟರು ಬಂದಾಗ ನಾನು ಹೇಳದಿದ್ದರೆ ಅಕ್ಕನಾದರೂ ನೆನಪಿಸುತ್ತಾಳೆ.

ಕಥೆಯಲ್ಲಿ ಬಾರದ ಸಂಗತಿಗಳು ಎರಡಿವೆ. ಆ ಪಂದ್ಯದಿಂದ ಈಚೆಗೆ ಎಡಗಿವಿಯೊಳಗೆ ಒಂದು ಜೀರುಂಡೆ ಕೂತು ಕಿರ್ರೆನ್ನುತ್ತಿದೆ, ಇವತ್ತಿನವರೆಗೂ ಎದ್ದು ಹೋಗಿಲ್ಲ. ನಾಲ್ಕೈದು ವರ್ಷದಿಂದ ಬಲಗೈ ಸಣ್ಣಗೆ ನಡುಗುತ್ತದೆ, ಸಹಿ ಹಾಕುವಾಗ, ಚಾ ಲೋಟ ಎತ್ತುವಾಗ. ಹೆಂಡತಿಯ ಕಾಟ ತಡೆಯಲಾಗದೆ ಒಮ್ಮೆ ಡಾಕ್ಟರಲ್ಲಿಗೆ ಹೋಗಿದ್ದೆ. ತಲೆಗೆ ಯಾವಾಗಲಾದರೂ ಪೆಟ್ಟು ಬಿದ್ದದ್ದುಂಟಾ ಎಂದು ಅವರು ಕೇಳಿದರು. ಇಲ್ಲ ಎಂದೆ. ಯಾಕೆ ಹಾಗೆ ಹೇಳಿದೆನೋ, ಬಾಯಿಗೆ ಬಂದದ್ದು ಅದೇ. ವಯಸ್ಸಿಗೆ ಹೀಗಾಗುವುದುಂಟು ಎಂದು ಅವರು ಒಂದು ಮಾತ್ರೆ ಬರೆದುಕೊಟ್ಟರು.

ಅಕ್ಕನ ಮನೆ ನಮ್ಮದರ ಪಕ್ಕದಲ್ಲೇ, ನಡುವೆ ಒಂದು ಬಾವಿ ಮಾತ್ರ. ಭಾವ ಗಲ್ಫಿನಲ್ಲಿದ್ದಾರೆ. ಅವರಿಗೆ ಒಬ್ಬಳೇ ಮಗಳು, ಡಿಗ್ರಿ ಕೊನೆಯ ವರ್ಷದವಳು. ನಾನು ಹೇಳುತ್ತಿರುವುದು ಅವಳ ವಿಷಯ. ತುಳುವರಾದ ನಮ್ಮಲ್ಲಿ ತಾಯಿಯ ತಮ್ಮನ ಮಾತಿಗೆ ತೂಕ ಜಾಸ್ತಿ. ತಂದೆ ಬೇಡವೆಂದರೂ ಮಾವ ಹೂಂ ಎಂದರೆ ಮುಗಿಯಿತು. ಹನ್ನೆರಡನೇ ವಯಸ್ಸಿನಲ್ಲಿ ಅವಳು ಬಾಕ್ಸಿಂಗ್ ಕಲಿಯುತ್ತೇನೆಂದಾಗ ಫೋನಿನಲ್ಲಿ ಭಾವ ಗುರುಗುಟ್ಟಿದರು, ನಾನು ಹೂಂ ಎಂದೆ. (ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.)

ಆಳು ಗಿಡ್ಡ, ಕೈಯೂ ಗಿಡ್ಡ, ಆದರೆ ಎಡಗೈ ಬಾಗಿಸಿ ಪಕ್ಕದಿಂದ ಗುದ್ದುವ ಹುಕ್ ಒಂದು ಕೂತರೆ ಗೋಣಿಚೀಲದ ಉಮಿ ಹೊರಗೆ ಬರುತ್ತಿತ್ತು. ಬಾಯಿಯೂ ಹಾಗೆಯೇ, ಒಂದು ಕ್ಷಣ ಸುಮ್ಮನಿರುವುದಿಲ್ಲ. ಇಪ್ಪತ್ತು ವರ್ಷದಲ್ಲಿ ನನ್ನ ಹಾಲಿನಿಂದ ಒಬ್ಬರೂ ರಾಜ್ಯ ಮಟ್ಟಕ್ಕೆ ಹೋಗಿರಲಿಲ್ಲ. ಇವಳು ಹೋಗುತ್ತಾಳೆಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಅವಳಿಗೊಂದು ಪದಕ, ಪದಕದಿಂದ ಕೋಟಾ, ಕೋಟಾದಿಂದ ನನ್ನದರಂಥ ಒಂದು ಸರ್ಕಾರಿ ಕುರ್ಚಿ. ಮಕ್ಕಳಿಲ್ಲದ ನನಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಅಷ್ಟರಲ್ಲಿ, ನಾನು ಬಸ್ಸು ಬದಲಿಸುವ ಉಪ್ಪಳದಲ್ಲಿ ಒಂದು ಫರ್ನಿಚರ್ ಅಂಗಡಿ ಮುಚ್ಚಿತು. ಅದರ ಮಾಳಿಗೆಯಲ್ಲಿ ದುಬೈಯಿಂದ ತಿರುಗಿ ಬಂದ ಒಬ್ಬ ಯುವಕ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಲಿಸಲು ಶುರು ಮಾಡಿದ. ಎಲ್ಲರೂ ಎಂಎಂಎ ಎನ್ನುತ್ತಾರೆ. ಗುದ್ದಬಹುದು, ಒದೆಯಬಹುದು, ಸೊಂಟ ಹಿಡಿದು ಕೆಡವಬಹುದು, ಕೆಡವಿದ ಮೇಲೆ ಮೇಲೇರಿ ಕೂತು ಕತ್ತು ಅಮುಕಬಹುದು. ನಮ್ಮಲ್ಲಿ ನಿಷಿದ್ಧವಾದದ್ದೆಲ್ಲ ಅಲ್ಲಿ ಇದೆ. ಆರು ತಿಂಗಳಲ್ಲಿ ನನ್ನ ಹಾಲಿನ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಅಲ್ಲಿಗೆ ಹೋದರು. ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಯಾಕೆ ಹೋದಿರಿ ಎಂದು ಕೇಳಿದ್ದೇನೆ, ನಾಚಿಕೆ ಬಿಟ್ಟು. ಒಬ್ಬ, ಮೊಬೈಲಿನಲ್ಲಿ ಎಲ್ಲರೂ ನೋಡುವುದು ಅದನ್ನೇ ಎಂದ. ಇನ್ನೊಬ್ಬ, ಬಾಕ್ಸಿಂಗಿನಲ್ಲಿ ಕೈ ಒಂದೇ ಕೆಲಸ ಮಾಡುವುದು, ಕಾಲಿಗೆ ರಜೆ, ಬೋರಾಗುತ್ತದೆ ಎಂದ. ಕಾಲಿಗೆ ರಜೆಯಂತೆ! ಎಂಟು ವರ್ಷ ಅವನಿಗೆ ಹೆಜ್ಜೆ ಹಾಕುವುದನ್ನೇ ಕಲಿಸಿದ್ದೆ ನಾನು. ಮೂರನೆಯವನು ಮರ್ಯಾದೆಯಿಂದ ತಲೆ ಕೆರೆದುಕೊಂಡು, ಅಲ್ಲಿ ಫ್ಯಾನ್ ಉಂಟು ಸರ್ ಎಂದ. ಅದೊಂದು ಉತ್ತರ ಸತ್ಯವೆಂದು ಕಂಡಿತು.

ಬೀದಿಜಗಳವನ್ನು ಹಣ ಕೊಟ್ಟು ಕಲಿಯುವವರು ಹೋಗಲಿ ಎಂದುಕೊಂಡೆ. ಅಕ್ಕನ ಮಗಳು ಹೋಗುವಳೆಂದು ಕನಸಿನಲ್ಲೂ ನೆನೆದಿರಲಿಲ್ಲ.

ರಾಜ್ಯ ಕೂಟದ ಸೆಲೆಕ್ಷನ್ನಿಗೆ ಹತ್ತು ದಿನ ಇತ್ತು. ಬೆಳಿಗ್ಗೆ ಬೆಂಚಿನ ಮೇಲೆ ಎದುರುಬದುರು ಕೂತು ಅವಳ ಕೈಗೆ ಪಟ್ಟಿ ಸುತ್ತುತ್ತಿದ್ದೆ. ವಿಚಿತ್ರವೆಂದರೆ ಚಾ ಲೋಟ ಹಿಡಿಯುವಾಗ ನಡುಗುವ ಕೈ ಪಟ್ಟಿ ಸುತ್ತುವಾಗ ನಡುಗುವುದಿಲ್ಲ. ಹೆಬ್ಬೆರಳಿಗೆ ಒಂದು ಸುತ್ತು, ಮಣಿಕಟ್ಟಿಗೆ ಮೂರು, ಗೆಣ್ಣಿಗೆ ನಾಲ್ಕು, ಕೈಗೆ ತಾನಾಗಿ ಗೊತ್ತು. ಎಡಗೈ ಮುಗಿದು ಬಲಗೈ ಹಿಡಿದಾಗ ಅವಳು, ಸೆಲೆಕ್ಷನ್ನಿಗೆ ತಾನು ಬರುವುದಿಲ್ಲ, ಮೂರು ತಿಂಗಳಿಂದ ಸಂಜೆ ಉಪ್ಪಳಕ್ಕೆ ಹೋಗುತ್ತಿದ್ದೇನೆ, ಇನ್ನು ಅದೇ ಎಂದಳು. ಲೈಬ್ರರಿಗೆಂದು ಹೇಳಿ ಹೋಗುತ್ತಿದ್ದಳಂತೆ.

ನಾನು ಸುತ್ತುವುದನ್ನು ನಿಲ್ಲಿಸಲಿಲ್ಲ. ಕೋಪ ಬರುವ ಮೊದಲು ನನಗೆ ಸ್ವಲ್ಪ ಹೊತ್ತು ಏನೂ ಬರುವುದಿಲ್ಲ. ಕಾರಣ ಕೇಳಿದೆ. ಅವಳು ಮೊದಲು ಹೇಳಿದ್ದು ಕೈಯ ಉದ್ದದ ವಿಷಯ. ತನ್ನ ತೂಕದ ಹುಡುಗಿಯರೆಲ್ಲ ತನಗಿಂತ ಉದ್ದ, ಅವರ ಏಟುಗಳ ನಡುವೆ ತೂರಿ ಹತ್ತಿರ ತಲಪುವಷ್ಟರಲ್ಲಿ ಮುಖ ಬಾತಿರುತ್ತದೆ, ತಲಪಿ ಒಮ್ಮೆ ಅಪ್ಪಿ ಹಿಡಿದರೆ ರೆಫ್ರಿ ಬಂದು ಬಿಡಿಸಿ ದೂರ ನಿಲ್ಲಿಸುತ್ತಾನೆ ಎಂದಳು. ಕಷ್ಟಪಟ್ಟು ಬಸ್ಸು ಹಿಡಿದು ಉಪ್ಪಳ ಮುಟ್ಟಿದರೆ ಕಂಡಕ್ಟರ್ ತಿರುಗಿ ಪೈವಳಿಕೆಯಲ್ಲಿ ತಂದು ಬಿಟ್ಟ ಹಾಗೆ. ಅಲ್ಲಿ ಹಾಗಲ್ಲ, ಹತ್ತಿರ ಹೋದ ಮೇಲೆಯೇ ಆಟ ಶುರು, ಅಲ್ಲಿ ಗಿಡ್ಡ ಕೈಯೇ ಲಾಯಕ್ಕು ಎಂದಳು. ಇದಕ್ಕೆ ನನ್ನಲ್ಲಿ ಉತ್ತರ ಇತ್ತು. ನನ್ನ ಕೈಯೂ ಗಿಡ್ಡವೇ, ಆದರೂ ಫೈನಲ್‌ಗೆ ಹೋಗಲಿಲ್ಲವೇ ನಾನು, ಮೂರು ಸಲ ಬಿದ್ದು ಮೂರು ಸಲ ಏಳಲಿಲ್ಲವೇ ಎಂದೆ.

ಅವಳು ತಲೆ ಎತ್ತಿದಳು.

"ಮಾವ, ಅಲ್ಲಿ ಮೊದಲ ದಿವಸ ಕಲಿಸುವುದು ಎಂತ ಗೊತ್ತುಂಟಾ? ತಟ್ಟುವುದು. ಸಾಕು ಅಂತ ಆದ್ರೆ ನೆಲಕ್ಕೆ ಮೂರು ಸಲ ತಟ್ಟಬೇಕು. ತಟ್ಟಿದ ಕೂಡಲೇ ಎದುರಿನವರು ಬಿಡ್ಬೇಕು. ಅಷ್ಟೇ. ಯಾರೂ ಎಂತದೂ ಹೇಳುವುದಿಲ್ಲ."

ಬಾಕ್ಸಿಂಗಿನಲ್ಲೂ ಬೇಡವೆನಿಸಿದರೆ ಹತ್ತು ಎಣಿಸುವವರೆಗೆ ಮಲಗಿರಬಹುದು, ಯಾರು ಬೇಡವೆನ್ನುತ್ತಾರೆ ಎಂದೆ. ಹಾಗೆ ಮಲಗಿದವರನ್ನು ಒಬ್ಬರನ್ನಾದರೂ ನೀವು ಹೊಗಳಿದ್ದುಂಟಾ ಎಂದು ಕೇಳಿದಳು. ನನಗೆ ನೆನಪಾಗಲಿಲ್ಲ. ಆಗ ಅವಳು, ಯಾರೂ ಈವರೆಗೆ ಕೇಳದೆ ಇದ್ದದ್ದನ್ನು ಕೇಳಿದಳು.

"ಮೂರನೇ ಸಲ ನಿಮಗೆ ಏಳ್ಲಿಕ್ಕೆ ಮನಸ್ಸಿತ್ತಾ ಮಾವ?"

ಆಗ ಬಂತು ನೋಡಿ ಕೋಪ. ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಏನೇನು ಅಂದೆನೋ ಎಲ್ಲ ಬರೆಯಲಾರೆ. ತಟ್ಟಿ ಬದುಕುವವರಿಗೆ ನನ್ನ ಹಾಲಿನಲ್ಲಿ ಜಾಗವಿಲ್ಲ ಎಂದದ್ದು ನೆನಪಿದೆ. ಅವಳು ಬಲಗೈಯಿಂದ ಜೋತಾಡುತ್ತಿದ್ದ ಪಟ್ಟಿಯನ್ನು ತಾನೇ ಬಿಚ್ಚಿ, ಮಡಚಿ, ಬೆಂಚಿನ ಮೇಲಿಟ್ಟು ಹೋದಳು.

ಅಂದಿನಿಂದ ನಾನು ಮಾತು ಬಿಟ್ಟೆ. ಪಕ್ಕದ ಮನೆಯವಳೊಡನೆ ಮಾತು ಬಿಡುವುದು ಸುಲಭದ ಕೆಲಸವಲ್ಲ. ಬಾವಿಕಟ್ಟೆಯ ಆ ಕಡೆ ಅವಳು, ಈ ಕಡೆ ನಾನು, ನಡುವೆ ಕೊಡಪಾನ ಹಿಡಿದ ಅಕ್ಕ. ನಾಳೆ ಕರೆಂಟ್ ಇಲ್ಲವಂತೆ ಎಂದು ನಿನ್ನ ಮಗಳಿಗೆ ಹೇಳು ಎಂದು ನಾನು ಅಕ್ಕನಿಗೆ ಹೇಳುವುದು. ಗೊತ್ತುಂಟು ಅಂತ ಮಾವನಿಗೆ ಹೇಳಮ್ಮ ಎಂದು ಅವಳು. ನಾಲ್ಕು ದಿನ ಹೀಗೆ ಪೋಸ್ಟ್‌ಮ್ಯಾನ್ ಕೆಲಸ ಮಾಡಿ ಅಕ್ಕನಿಗೆ ಸಾಕಾಯಿತು. ನಿಮ್ಮಿಬ್ಬರಿಗೂ ಬಾಯಿ ಉಂಟಲ್ಲ, ನನಗೆ ಬೇರೆ ಕೆಲಸ ಉಂಟು ಎಂದು ಒಳಗೆ ನಡೆದಳು.

ಸೆಲೆಕ್ಷನ್ನಿನ ಭಾನುವಾರವೂ ಬಂದು ಹೋಯಿತು. ಆ ದಿನ ನಾನು ಹಾಲಿನ ಬಾಗಿಲು ತೆರೆದು ಒಬ್ಬನೇ ಕೂತಿದ್ದೆ. ಕೋಟಾ ಹೋಯಿತು, ಪದಕ ಹೋಯಿತು, ಇವಳ ಭವಿಷ್ಯಕ್ಕೆ ಕಲ್ಲು ಬಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವಳ ಭವಿಷ್ಯಕ್ಕಿಂತ ಆ ಬೆಂಚು ಖಾಲಿಯಾದದ್ದೇ ನನಗೆ ದುಃಖವಾಗಿತ್ತು. ಎಂಟು ವರ್ಷ ದಿನಾ ಬೆಳಿಗ್ಗೆ ಆ ಎರಡು ಕೈ ನನ್ನ ಮುಂದೆ ಚಾಚಿಕೊಂಡಿರುತ್ತಿದ್ದವು. ಅತ್ತೆ ಎಂದು ಕೂಗುತ್ತ ಅವಳು ನನ್ನ ಹೆಂಡತಿಯ ಅಡುಗೆಮನೆಗೆ ಬರುವುದನ್ನೂ ನಿಲ್ಲಿಸಿದ್ದಳು.

ಒಂದು ತಿಂಗಳ ಮೇಲೆ, ಕಚೇರಿಯಿಂದ ಬರುವ ಸಂಜೆ, ಉಪ್ಪಳದಲ್ಲಿ ಬಸ್ಸು ಬದಲಿಸುವ ಬದಲು ಆ ಮಾಳಿಗೆಯ ಮೆಟ್ಟಿಲು ಹತ್ತಿದೆ. ಬೈದು ಬರುವುದೆಂದೇ ಹೋದದ್ದು. ಅವಳು ಆ ದಿನ ಬಂದಿರಲಿಲ್ಲ, ಪರೀಕ್ಷೆ ಇತ್ತು. ನೆಲಕ್ಕೆಲ್ಲ ನೀಲಿ ಚಾಪೆ ಹಾಸಿದ್ದರು. ಅದರ ಮೇಲೆ ಒಬ್ಬ ದಪ್ಪ ಮನುಷ್ಯ ಅಂಗಾತ ಬಿದ್ದಿದ್ದ. ಬಂದರಿನಲ್ಲಿ ಮೀನಿನ ಏಲಂ ಕೂಗುವವನು ಎಂದು ಆಮೇಲೆ ತಿಳಿಯಿತು. ಅವನ ತೋಳನ್ನು ಒಬ್ಬ ಸಣಕಲ ಹುಡುಗಿ ಎರಡು ಕಾಲಿನ ನಡುವೆ ಸಿಕ್ಕಿಸಿ ಎಳೆಯುತ್ತಿದ್ದಳು. ಅವನು ಚಾಪೆಗೆ ಪಟಪಟ ಮೂರು ಸಲ ತಟ್ಟಿದ. ಅವಳು ಕೂಡಲೇ ಬಿಟ್ಟಳು. ಇಬ್ಬರೂ ನಕ್ಕು, ಕೈಗೆ ಕೈ ಹೊಡೆದು ಪುನಃ ಶುರು ಮಾಡಿದರು. ಸುತ್ತ ಕೂತವರಲ್ಲಿ ಒಬ್ಬರೂ ಅವನನ್ನು ಗೇಲಿ ಮಾಡಲಿಲ್ಲ. ನಾನು ಅದನ್ನೇ ಕಾಯುತ್ತಿದ್ದೆ.

ಕಲಿಸುವ ಯುವಕ ನನ್ನನ್ನು ಗುರುತಿಸಿ ಓಡಿಬಂದು ಕುರ್ಚಿ ಹಾಕಿದ. ಬೈಯಲು ಬಂದವನಿಗೆ ಚಾ ತರಿಸಿದ. ಹೊಸಬರಿಗೆ ಮೊದಲ ವಾರ ಬೇರೇನೂ ಕಲಿಸುವುದಿಲ್ಲವಂತೆ. ತಟ್ಟುವುದು, ತಟ್ಟಿದರೆ ಬಿಡುವುದು. ತಟ್ಟಲು ನಾಚುವವನಿಗೆ ಮೂಳೆ ಮುರಿಯುತ್ತದೆ, ತಟ್ಟಿದ ಮೇಲೂ ಬಿಡದವನನ್ನು ಮನೆಗೆ ಕಳಿಸುತ್ತಾನಂತೆ. ಚಾ ಲೋಟ ನನ್ನ ಕೈಯಲ್ಲಿ ನಡುಗುವುದನ್ನು ಅವನು ನೋಡಿದ, ನೋಡದವನ ಹಾಗೆ ಮಾಡಿದ. ಆಮೇಲೆ, ಬರುವ ತಿಂಗಳು ಕಾಸರಗೋಡಿನಲ್ಲಿ ಒಂದು ಕೂಟ ಉಂಟು, ಅವಳಿಗೆ ಅದು ಮೊದಲನೆಯದ್ದು, ತಾನು ಸುತ್ತಿದ ಪಟ್ಟಿ ಅವಳಿಗೆ ಸರಿ ಹೋಗುವುದಿಲ್ಲ, ಮಾವ ಕಟ್ಟಿದ ಹಾಗೆ ಇಲ್ಲ ಅಂತಾಳೆ, ನೀವು ಬರಬೇಕು ಮಾಸ್ಟ್ರೇ ಎಂದ. ನೋಡುವ ಎಂದು ಎದ್ದೆ. ಮನೆಗೆ ಬಂದು ಟ್ರಂಕಿನಿಂದ ಒಂದು ಹಳೇ ಮುಂಡು ತೆಗೆದು ಹರಿದೆ.

ಕೂಟ ನಡೆದದ್ದು ಮದುವೆಯ ಆಡಿಟೋರಿಯಂನಲ್ಲಿ. ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬಗಳಲ್ಲಿತ್ತು. ನಡುವೆ ಎಂಟು ಮೂಲೆಯ ಜಾಲರಿಯ ಗೂಡು ನಿಲ್ಲಿಸಿದ್ದರು. ಮದುಮಗಳ ಡ್ರೆಸ್ಸಿಂಗ್ ರೂಮನ್ನು ಹುಡುಗಿಯರಿಗೆ ಬಿಟ್ಟಿದ್ದರು. ಅಕ್ಕ, ನನ್ನ ಹೆಂಡತಿ ಇಬ್ಬರೂ ಬಂದಿದ್ದರು, ಜೋರಾಗಿ ದೇವರಿಗೆ ಹೇಳಿಕೊಳ್ಳುತ್ತಿದ್ದರು. ನಾನು ರೂಮಿನೊಳಗೆ ಹೋಗಿ ಅವಳ ಎದುರು ಕೂತೆ. ಅವಳು ಎರಡು ಕೈ ಚಾಚಿದಳು. ಸುತ್ತಿದೆ. ಹೆಚ್ಚು ಬಿಗಿಯಾ ಎಂದು ಕೇಳಿದೆ, ಇಲ್ಲ ಸರಿ ಉಂಟು ಎಂದಳು. ಎರಡು ತಿಂಗಳ ಮೇಲೆ ನಾವು ನೇರ ಆಡಿದ ಮಾತು ಇಷ್ಟು.

ಎದುರಾಳಿ ಕಣ್ಣೂರು ಕಡೆಯವಳು, ಇವಳಿಗಿಂತ ತಲೆ ಎತ್ತರ. ಮೊದಲ ಸುತ್ತಿನಲ್ಲಿ ತೊಡೆಗೆ ನಾಲ್ಕು ಒದೆ ಬಿತ್ತು ನಮ್ಮವಳಿಗೆ. ಒಂದೊಂದು ಒದೆಗೂ ಅಕ್ಕ ಅಯ್ಯೋ ಎನ್ನುತ್ತಿದ್ದಳು. ನಾನು ಜಾಲರಿಯ ಹೊರಗೆ ಯುವಕನ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದೆ. ಎರಡನೇ ಸುತ್ತಿನಲ್ಲಿ ಆ ಹುಡುಗಿ ಐದನೇ ಒದೆಗೆಂದು ಕಾಲೆತ್ತಿದಳು, ಇವಳು ಒಳಗೆ ನುಗ್ಗಿದಳು, ಎಡಗೈ ಹುಕ್ ಬಂತು. ನನ್ನ ಗೋಣಿಚೀಲದ ಮೇಲೆ ಸಾವಿರ ಸಲ ಕೂತ ಅದೇ ಹುಕ್. ಆ ಹುಡುಗಿ ನೆಟ್ಟಗೆ ಕೂತ ಹಾಗೆ ಬಿದ್ದಳು.

ನಾನು ಎದ್ದು ನಿಂತೆ. ಹಾಲಿಗೆ ಹಾಲೇ ಎದ್ದಿತು. ಇನ್ನು ಅವಳ ಮೇಲೆ ಬಿದ್ದು ಎರಡು ಗುದ್ದು ಕೊಟ್ಟರೆ ರೆಫ್ರಿ ನಿಲ್ಲಿಸುತ್ತಾನೆ, ಆಟ ಮುಗಿಯುತ್ತದೆ. ಅದು ಅಲ್ಲಿಯ ಕ್ರಮ.

ಇವಳು ತಿರುಗಿದಳು. ಬಿದ್ದವಳಿಗೆ ಬೆನ್ನು ಹಾಕಿ, ಎಂಟು ಮೂಲೆಯಲ್ಲಿ ಅತಿ ದೂರದ ಮೂಲೆಯನ್ನು ಆರಿಸಿ ಅಲ್ಲಿಗೆ ನಡೆದಳು. ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ನೋಡುತ್ತ ನಿಂತಳು, ಎಣಿಸಲಿ ಎಂದು.

ಯಾರೂ ಎಣಿಸಲಿಲ್ಲ. ಅಲ್ಲಿ ಎಣಿಸುವ ಕ್ರಮವೇ ಇಲ್ಲ. ರೆಫ್ರಿ ಎರಡು ಕೈ ಚೆಲ್ಲಿ ಇವಳನ್ನು ನೋಡಿದ. ಹಾಲಿನಲ್ಲಿ ಕೆಲವರು ನಕ್ಕರು, ಕೆಲವರು ತಿರುಗು ತಿರುಗು ಎಂದು ಮಲಯಾಳದಲ್ಲಿ ಕಿರುಚಿದರು. ನನ್ನ ಪಕ್ಕದ ಯುವಕ ತಲೆ ಮೇಲೆ ಕೈ ಹೊತ್ತು ಕೂತ. ಅವನಿಗೆ ಅದು ಏನೆಂದು ತಿಳಿಯಲಿಲ್ಲ. ಆ ಇಡೀ ಆಡಿಟೋರಿಯಂನಲ್ಲಿ ಅವಳು ಏನು ಮಾಡುತ್ತಿದ್ದಾಳೆಂದು ತಿಳಿದವನು ನಾನೊಬ್ಬನೇ.

ಅಷ್ಟರಲ್ಲಿ ಆ ಹುಡುಗಿ ಸುಧಾರಿಸಿಕೊಂಡು ಎದ್ದಳು, ಹಿಂದಿನಿಂದ ಬಂದು ಸೊಂಟ ಹಿಡಿದು ಇವಳನ್ನು ಕೆಡವಿದಳು, ಉದ್ದ ತೋಳನ್ನು ಕತ್ತಿಗೆ ಸುತ್ತಿದಳು. ಇವಳ ಮುಖ ನನ್ನ ಕಡೆಗಿತ್ತು, ಜಾಲರಿಯಿಂದ ಒಂದು ಮೊಳ ದೂರ. ಮುಖ ಕೆಂಪಾಗುತ್ತ ಬಂತು. ನನ್ನ ಬಾಯಿಂದ ಕೂಗು ಹೊರಟಿತು. ಎದ್ದೇಳು, ಎದ್ದೇಳು, ಮಲಗಬೇಡ ಎಂದು ಕೂಗುತ್ತಿದ್ದೆ. ಅದು ನನ್ನ ಮಾತಲ್ಲ. ಮೂವತ್ತು ವರ್ಷದ ಹಿಂದೆ ಹಗ್ಗದ ಹೊರಗಿನಿಂದ ನನ್ನ ಮಾಸ್ಟ್ರು ಕೂಗಿದ ಮಾತು, ಅಕ್ಷರಕ್ಕೆ ಅಕ್ಷರ.

ಅವಳು ನನ್ನನ್ನೇ ನೋಡುತ್ತ ಚಾಪೆಗೆ ಮೂರು ಸಲ ತಟ್ಟಿದಳು.

ತೋಳು ಸಡಿಲಾಯಿತು. ರೆಫ್ರಿ ಬರುವ ಮೊದಲೇ ಆ ಹುಡುಗಿ ಬಿಟ್ಟಿದ್ದಳು, ಇವಳನ್ನು ಎಬ್ಬಿಸಿ ಕೂರಿಸಿ ಬೆನ್ನು ಉಜ್ಜುತ್ತಿದ್ದಳು. ಒಂದು ನಿಮಿಷದಲ್ಲಿ ಇವಳು ಎದ್ದು ನಿಂತು ನೀರು ಕುಡಿದಳು. ಕಣ್ಣು ಸರಿ, ಕಿವಿ ಸರಿ, ಹೆಜ್ಜೆ ಸರಿ. ಗೆದ್ದವಳ ಕೈ ಎತ್ತಿದಾಗ ಇವಳೂ ಚಪ್ಪಾಳೆ ತಟ್ಟಿದಳು. ನಾನು ಇನ್ನೂ ಜಾಲರಿ ಹಿಡಿದೇ ನಿಂತಿದ್ದೆ. ಯುವಕ ನನ್ನ ಬೆರಳು ಬಿಡಿಸಿ, ಆಯ್ತು ಮಾಸ್ಟ್ರೇ, ಮುಗೀತು ಎಂದ.

ಡ್ರೆಸ್ಸಿಂಗ್ ರೂಮಿನಲ್ಲಿ ಪುನಃ ಬೆಂಚಿನ ಮೇಲೆ ಎದುರುಬದುರು ಕೂತೆವು. ಪಟ್ಟಿ ಬಿಚ್ಚುತ್ತ, ಇವತ್ತು ನೀನು ಸೋತದ್ದು ನನ್ನಿಂದ ಎಂದೆ. ಅವಳು ನಕ್ಕುಬಿಟ್ಟಳು. ಮೂಲೆಯಲ್ಲಿ ನಿಂತು ಹೊರಗೆ ನೋಡಿದರೆ ಜಾಲರಿಯ ಆಚೆ ಒಬ್ಬ ಆರಾಮಾಗಿ ಬಿರಿಯಾನಿ ತಿನ್ನುತ್ತಿದ್ದನಂತೆ. ಇನ್ನು ಆ ಅಭ್ಯಾಸ ಬಿಡಬೇಕು, ಆದರೆ ಬಿಡಲು ಮನಸ್ಸಿಲ್ಲ ಮಾವ ಎಂದಳು. ಕೋಟಾದ ವಿಷಯ ತೆಗೆದೆ. ಎಲ್‌ಡಿ ಕ್ಲರ್ಕ್ ಎಂಬ ಸರ್ಕಾರಿ ಗುಮಾಸ್ತಿಕೆಯ ಪರೀಕ್ಷೆ ಬರೆಯುತ್ತೇನೆ, ಊರಿನವರೆಲ್ಲ ಬರೆಯುವುದಿಲ್ಲವಾ ಎಂದಳು.

ಎಡಗೈಯ ಪಟ್ಟಿ ಬಿಚ್ಚಿ ಮುಗಿಯಿತು. ಬಲಗೈಯದ್ದೂ ಮುಗಿಯಿತು. ಸುತ್ತಲು ಬಿಚ್ಚಲು ಏನೂ ಉಳಿಯದೆ ನನ್ನ ಕೈ ಬೆಂಚಿನ ಮೇಲೆ ನಡುಗತೊಡಗಿತು. ಮರೆಮಾಡಲು ಹೊರಟೆ. ಅವಳು ಮಣಿಕಟ್ಟು ಹಿಡಿದುಕೊಂಡಳು. ಈ ಸಲ ಅವಳು ಏನೂ ಕೇಳಲಿಲ್ಲ. ಆದರೂ ನಾನು ಹೇಳಿದೆ.

"ಮೂರನೇ ಸಲ ನನಗೆ ಏಳ್ಲಿಕ್ಕೆ ಮನಸ್ಸಿರ್ಲಿಲ್ಲ ಮಗಳೇ. ರೆಫ್ರಿ ಆರು ಅಂದದ್ದು ಕೇಳಿತು. ಇಲ್ಲೇ ಮಲಗುವ ಅಂತ ಆಯ್ತು. ಮಾಸ್ಟ್ರು ಕೂಗಿದ್ರು, ಎದ್ದೆ. ಎದ್ದ ಮೇಲೆ ಬಿದ್ದ ಪೆಟ್ಟು ಈ ಕೈ."

ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ನೋಡಿದಾಗ ಅವಳು ಗೋಡೆಯ ಕಡೆ ತಿರುಗಿ ಕೂತಿದ್ದಳು, ನಾನು ಕಲಿಸಿದ ಹಾಗೆ. ಕೈ ಮಾತ್ರ ಬಿಟ್ಟಿರಲಿಲ್ಲ. ಹಾಗೆಯೇ ಕೂತು ಗೋಡೆಗೇ ಹೇಳಿದಳು.

"ಈಗ ತಟ್ಟಿ ಮಾವ."

ಹುಚ್ಚಾ ನಿನಗೆ ಎನ್ನಬೇಕೆಂದಿದ್ದೆ. ಬೆಂಚಿಗೆ ಮೂರು ಸಲ ತಟ್ಟಿದೆ. ಅವಳು ಕೂಡಲೇ ಕೈ ಬಿಟ್ಟಳು. ಹೊರಗಿನಿಂದ ಆಡಿಟೋರಿಯಂನವನು ಬಾಗಿಲು ಬಡಿದು, ಸಂಜೆ ಇನ್ನೊಂದು ಪಾರ್ಟಿ ಇದೆ, ರೂಮು ಖಾಲಿ ಮಾಡಿ ಎಂದ. ಪಟ್ಟಿಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆವು.

ಮರುವಾರ ರಜೆ ಹಾಕಿ ಡಾಕ್ಟರಲ್ಲಿಗೆ ಹೋದೆ, ಜೊತೆಗೆ ಅವಳೂ ಬಂದಳು. ಹಳೇ ಚೀಟಿ ನೋಡಿ, ಮಾತ್ರೆ ಮುಗಿಯಿತಾ ಎಂದು ಮಾತ್ರ ಕೇಳಿದರು ಅವರು. ತಲೆಗೆ ಪೆಟ್ಟು ಬಿದ್ದದ್ದುಂಟಾ ಎಂದು ಈ ಸಲ ಕೇಳಲಿಲ್ಲ. ನಾನೇ ಕುರ್ಚಿ ಹತ್ತಿರ ಎಳೆದುಕೊಂಡೆ.

"ಡಾಕ್ಟ್ರೇ, ಹೋದ ಸಲ ನಾನು ಇಲ್ಲ ಅಂದದ್ದು ಸುಳ್ಳು. ಉಂಟು, ಸುಮಾರು ಉಂಟು. ಒಂದೊಂದೇ ಹೇಳ್ತೇನೆ, ಬರ್ಕೊಳ್ಳಿ."